ಹಿಮ್ಮುಖವಾಗಿ ಊರು ಸೇರುವ ಬಸ್ಸು

ಬಸ್ಸಿನ ಬೆನ್ನನ್ನೇ ಅದರ ಮುಖ ಎಂದು ತಿಳಿದು ಬೆಳೆದ ಮಕ್ಕಳಿರುವ ಊರೊಂದಿದೆ. ಬಸ್ಸಿನ ಚಿತ್ರ ಬರೆಯಿರಿ ಎಂದರೆ ಅಲ್ಲಿನ ಮಕ್ಕಳು ಏಣಿ, ನಂಬರ್ ಪ್ಲೇಟು, ಹೊಗೆ ಕೊಳವೆ ಇರುವ ಕಡೆಗೇ ಎರಡು ಕಣ್ಣು ಬರೆಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಊರಿಗೆ ಬಸ್ಸು ಬರುವುದೇ ಹಾಗೆ, ಬೆನ್ನು ಮುಂದೆ ಮಾಡಿಕೊಂಡು. ಆ ಬೆನ್ನಿಗೆ ಎದುರಾಗಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು, ತಾನೂ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಒಬ್ಬ ಹೆಂಗಸು ಬರುತ್ತಿದ್ದಳು. ಕೆಲಸದಲ್ಲಿ ಕಂಡಕ್ಟರು, ಪ್ರಯಾಣಿಕರ ಬಾಯಲ್ಲಿ ಸೀಟಿಯಕ್ಕ. ಈ ಕಥೆ ಅವಳದು.

ಆದರೆ ಬಸ್ಸಿನ ವಂಶಾವಳಿ ಕೇಳದೆ ಬಸ್ಸಿನವರ ಕಥೆ ಅರ್ಥವಾಗುವುದಿಲ್ಲ. ಆ ಸೀಮೆಗೆ ಮೊದಲ ಬಸ್ಸು ತಂದವನು ಒಬ್ಬ ಮರದ ವ್ಯಾಪಾರಿ. ಹಳೆಯ ಲಾರಿಗೆ ಎರಡು ಕಡೆ ಬೆಂಚು ಬಡಿದು, ಮೇಲೆ ತಗಡು ಹೊದಿಸಿ, ಅದನ್ನೇ ಬಸ್ಸು ಎಂದು ಕರೆದ. ಹೋಲಿಸಿ ನೋಡಲು ಬೇರೆ ಬಸ್ಸು ಇಲ್ಲದ್ದರಿಂದ ಜನರೂ ಒಪ್ಪಿಕೊಂಡರು. ಅದಕ್ಕೆ ವೇಳೆ ಎಂಬುದಿರಲಿಲ್ಲ. ಮಾಲೀಕರ ಊಟವಾಗಿ, ಒಂದು ನಿದ್ದೆಯಾಗಿ, ಮೇಲೆ ಮನಸ್ಸೂ ಬಂದರೆ ಹೊರಡುತ್ತಿತ್ತು. ಇದನ್ನು ನೋಡಿ ಹೊಟ್ಟೆಯುರಿದ ಇನ್ನೊಬ್ಬ ಎರಡನೆಯ ಬಸ್ಸು ತಂದ. ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ, ಒಬ್ಬ ಟಿಕೆಟ್ ದರ ಇಳಿಸಿದ, ಇನ್ನೊಬ್ಬ ಹತ್ತಿದವರಿಗೆಲ್ಲ ಚಹಾ ಕೊಟ್ಟ, ಮೊದಲಿನವನು ಜನರನ್ನು ಮನೆಬಾಗಿಲಿನಿಂದಲೇ ರಟ್ಟೆ ಹಿಡಿದು ಎಳೆದೊಯ್ಯತೊಡಗಿದ. ಎಲ್ಲಿಗೂ ಹೋಗಬೇಕಿಲ್ಲದವರೂ ಪೇಟೆ ಕಂಡು ಬಂದದ್ದು ಆ ಕಾಲದಲ್ಲೇ. ಕೊನೆಗೆ ಸರ್ಕಾರ ಇಬ್ಬರ ಬಸ್ಸನ್ನೂ ವಶಕ್ಕೆ ತೆಗೆದುಕೊಂಡು, ಒಂದೇ ಬಣ್ಣ ಬಳಿದು, ಸಾರಿಗೆ ಸಂಸ್ಥೆ ಎಂದು ಬೋರ್ಡು ಹಾಕಿತು. ಅಂದಿನಿಂದ ಬಸ್ಸು ವೇಳಾಪಟ್ಟಿಯ ಪ್ರಕಾರ ತಡವಾಗಿ ಬರಲು ಶುರುವಾಯಿತು.

ಸೀಟಿಯಕ್ಕನ ಅಪ್ಪ ಆ ಮರದ ವ್ಯಾಪಾರಿಯ ಬಸ್ಸಿನ ಕ್ಲೀನರು. ಸರ್ಕಾರ ಬಸ್ಸನ್ನು ತೆಗೆದುಕೊಂಡಾಗ ಟೈರು, ಜಾಕಿಗಳ ಜೊತೆ ಅವನೂ ಸೇರಿ ಹೋದ. ವಾರಕ್ಕೊಂದು ರಜೆ ಎಂದಾಗ ಏನು ಮಾಡುವುದೆಂದು ತೋಚದೆ ಆ ದಿನವೂ ಬಸ್ಸಿನಲ್ಲೇ ಒಂದು ಸುತ್ತು ಹೊಡೆದು ಬರುತ್ತಿದ್ದ. ಮಗ ಡ್ರೈವರಾದ, ಮಗಳು ಕಂಡಕ್ಟರಾದಳು. ಊಟಕ್ಕೆ ಕೂತರೆ ಯಾವ ಬಸ್ಸಿನ ಗೇರು ಗಟ್ಟಿ, ಯಾವ ಊರಿನವರು ಫುಟ್‌ಬೋರ್ಡಿನಲ್ಲೇ ಹುಟ್ಟಿದವರ ಹಾಗೆ ನೇತಾಡುತ್ತಾರೆ ಎಂಬುದೇ ಮಾತು. "ಇದು ಮನೇನೋ ಡಿಪೋನೋ?" ಎಂದು ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಣ್ಣ ತಂಗಿ ಆಗ ಒಂದೇ ತಟ್ಟೆಯಲ್ಲಿ ತಿನ್ನುವಷ್ಟು ಅನ್ಯೋನ್ಯ.

ಆ ಅನ್ಯೋನ್ಯಕ್ಕೆ ಕಲ್ಲು ಬಿದ್ದದ್ದು ಒಂದು ಬ್ರೇಕಿನಿಂದ. ಅಣ್ಣ ಒಂದು ದಿನ ಬಸ್ಸನ್ನು ಡಿಪೋಗೆ ತಂದು, ಬ್ರೇಕು ಹಿಡಿಯುತ್ತಿಲ್ಲ ಎಂದು ಹಟ ಹಿಡಿದ. ಅಲ್ಲಿ ಹೊಸದಾಗಿ ಬಂದಿದ್ದ ಮೆಕ್ಯಾನಿಕ್ ಬಸ್ಸಿನಡಿ ಮಲಗಿ ನೋಡಿ, ಎದ್ದು, ತಾನೇ ಓಡಿಸಿ, ಎಲ್ಲರ ಮುಂದೆ ಗೋಡೆಗೆ ಮೊಳದಷ್ಟು ದೂರದಲ್ಲಿ ಗಕ್ಕನೆ ನಿಲ್ಲಿಸಿದ. ಇಳಿದು ಕೈ ಒರೆಸಿಕೊಳ್ಳುತ್ತ, "ಬ್ರೇಕಿಗೇನೂ ಆಗಿಲ್ಲ ಸಾರ್. ಕಾಲಿಗೆ ಆಗಿದ್ರೆ ಅದು ನನ್ನ ಕೆಲಸ ಅಲ್ಲ," ಎಂದ. ಇಡೀ ಡಿಪೋ ಬಿದ್ದು ಬಿದ್ದು ನಕ್ಕಿತು. ಅಣ್ಣನಿಗೆ ಮೈಯೆಲ್ಲ ಉರಿಯಿತು. ಆ ಉರಿ ಆರುವ ಮೊದಲೇ ತಂಗಿ ಮನೆಯಲ್ಲಿ ಬಾಯಿಬಿಟ್ಟಳು: ಮದುವೆಯಾದರೆ ಆ ಮೆಕ್ಯಾನಿಕ್‌ನನ್ನೇ ಆಗುವುದು.

ಅಣ್ಣ ಮದುವೆಗೆ ಬರಲಿಲ್ಲ. ಆಮೇಲೆ ತಂಗಿಯ ಜೊತೆ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ತೀರಿಕೊಂಡಾಗ, ಅಮ್ಮ ತೀರಿಕೊಂಡಾಗ ಕೂಡ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಗೋಡೆ ನೋಡುತ್ತ ಅತ್ತರು.

ಇನ್ನು ಆ ಹಿಮ್ಮುಖದ ವಿಷಯ. ದೊಡ್ಡ ರಸ್ತೆಯಿಂದ ಒಂದು ಓಣಿ ಒಳಗೆ ಹೋಗುತ್ತದೆ. ಎರಡು ಕಡೆ ಮನೆ, ಮಧ್ಯೆ ಬಸ್ಸಿಗೆ ಸರಿಯಾಗುವಷ್ಟೇ ಜಾಗ; ಕನ್ನಡಿಗಳನ್ನು ಕಿವಿ ಮಡಚಿದ ಹಾಗೆ ಮಡಚಿಕೊಂಡೇ ಹೋಗಬೇಕು. ಓಣಿಯ ತುದಿಯಲ್ಲಿ ಬಸ್ಸು ತಿರುಗಿಸಲು ಒಂದು ಬಯಲಿತ್ತು. ಜನ ಬಿಸಿಲಲ್ಲಿ ನಿಲ್ಲುತ್ತಾರೆಂದು ಸಂಸ್ಥೆಗೆ ಒಮ್ಮೆ ಕರುಣೆ ಬಂದು, ಅಲ್ಲೊಂದು ತಂಗುದಾಣ ಕಟ್ಟಿಸಲು ಮಂಜೂರು ಮಾಡಿತು. ಕಟ್ಟಡವನ್ನು ಸಂಸ್ಥೆಯ ಸ್ವಂತ ಜಾಗದಲ್ಲೇ ಕಟ್ಟಬೇಕೆಂಬುದು ನಿಯಮ. ಆ ಊರಲ್ಲಿ ಸಂಸ್ಥೆಗಿದ್ದ ಸ್ವಂತ ಜಾಗ ಎಂದರೆ ಬಸ್ಸು ತಿರುಗುವ ಬಯಲೊಂದೇ. ಕಟ್ಟಿದರು, ನಟ್ಟನಡುವೆ. ಕಲ್ಲಿನ ಬೆಂಚು, ಕಂಬ, ಮೇಲೆ ಉದ್ಘಾಟಕರ ಹೆಸರು. ಉದ್ಘಾಟನೆಗೆ ಬಂದ ಗಣ್ಯರ ಬಸ್ಸು ತಿರುಗಲಾರದೆ, ಹಾರ ಹಾಕಿಸಿಕೊಂಡ ಕತ್ತುಗಳನ್ನೆಲ್ಲ ಹೊತ್ತು ಓಣಿಯುದ್ದಕ್ಕೂ ಹಿಂದೆ ಹಿಂದೆ ಹೋಯಿತು.

ಕಟ್ಟಿದ್ದನ್ನು ಕೆಡವಿದರೆ ಸಾರ್ವಜನಿಕ ಆಸ್ತಿಗೆ ನಷ್ಟ. ಅದಕ್ಕೆ ಯಾರು ಸಹಿ ಹಾಕುತ್ತಾರೆ? ಮೇಲಿನವರು ಸಭೆಯ ಮೇಲೆ ಸಭೆ ಸೇರಿ, ಬಸ್ಸು ಹಿಂದಕ್ಕೆ ಬರುವುದಾದರೆ ಹೊರಡುವಾಗಿನ ಬದಲು ಸೇರುವಾಗಲೇ ಬರಲಿ, ದೊಡ್ಡ ರಸ್ತೆಗೆ ಮುಖ ತೋರಿಸಿಕೊಂಡು ಹೋದರೆ ಮರ್ಯಾದೆ ಎಂದು ತೀರ್ಮಾನಿಸಿದರು. ಅಂದಿನಿಂದ ಓಣಿಯ ಬಾಯಿಗೆ ಬಂದು ತಿರುವಿಕೊಂಡು, ಜನರನ್ನು ತುಂಬಿಕೊಂಡೇ ಬಸ್ಸು ಹಿಮ್ಮುಖವಾಗಿ ಊರು ಸೇರತೊಡಗಿತು. ಯಾವ ಮನೆಯ ಜಗಲಿಯೂ ಉಳಿಯಲಿಲ್ಲ. ಒಬ್ಬ ಡ್ರೈವರು ಒಂದು ಅಡುಗೆಮನೆಯೊಳಕ್ಕೇ ಬಂಪರು ತೂರಿಸಿ, ಒಲೆಯ ಮೇಲಿದ್ದ ಹಾಲು ಉಕ್ಕುತ್ತಿದೆ ಎಂದು ಮನೆಯವರಿಗೆ ತಾನೇ ಹೇಳಿ ಬಂದ. ಹಾಗಾಗಿ ಆ ದಾರಿಗೆ ಹಾಕುವುದು ಎಂದರೆ ಶಿಕ್ಷೆ ಎಂದೇ ಲೆಕ್ಕ.

ಡಿಪೋ ಮ್ಯಾನೇಜರಿಗೆ ಎದುರು ಮಾತಾಡಿದ್ದಕ್ಕೆ ಅಣ್ಣನನ್ನು ಆ ದಾರಿಗೆ ಹಾಕಿದರು. ಅದೇ ಮ್ಯಾನೇಜರ ಮಾವನವರಿಗೆ, "ಯಾರ ಮಾವ ಆದ್ರೂ ಟಿಕೆಟ್ ತಗೊಳ್ಳಿ," ಎಂದಿದ್ದಕ್ಕೆ ತಂಗಿಯನ್ನೂ ಹಾಕಿದರು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಮಾತು ಬಿಟ್ಟವರು ಎಂಬುದು ಡಿಪೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಡ್ಯೂಟಿ ಹಾಕುವವನೊಬ್ಬನಿಗೆ ಬಿಟ್ಟು.

ಬಸ್ಸಿನಲ್ಲಿ ಇಬ್ಬರ ಮಾತೂ ಪ್ರಯಾಣಿಕರ ಮೂಲಕ. ಮುಂದಿನ ಸೀಟಿನಲ್ಲಿ ದಿನಾ ಕೂರುತ್ತಿದ್ದ ಶಾಲೆಯ ಟೀಚರಿಗೆ ಪಾಠಕ್ಕಿಂತ ಈ ಕೆಲಸವೇ ಹೆಚ್ಚಾಯಿತು.

"ಟೀಚರ್, ಸ್ಟೇರಿಂಗ್ ಹಿಡಿದಿರೋರಿಗೆ ಹೇಳಿ, ಗಿರಣಿ ಹತ್ರ ಒಬ್ಬರು ಇಳೀಬೇಕು."

"ಆ ಕಂಡಕ್ಟರಿಗೆ ಹೇಳಿ ಟೀಚರ್, ನನಗೂ ಕಿವಿ ಇದೆ ಅಂತ."

"ಇದೆಯಂತಾ? ಸಂತೋಷ ಅಂತ ಹೇಳಿ."

ಆದರೆ ಓಣಿಯ ಬಾಯಲ್ಲಿ ಟೀಚರ ಮಧ್ಯಸ್ಥಿಕೆ ನಡೆಯುತ್ತಿರಲಿಲ್ಲ. ಅಲ್ಲಿ ಸೀಟಿಯಕ್ಕ ಇಳಿದು ಬಸ್ಸಿನ ಹಿಂದೆ ಹೋಗಿ ನಿಂತು ಊದುತ್ತಿದ್ದಳು. ಚಿಕ್ಕ ಚಿಕ್ಕ ಸೀಟಿ ಎಂದರೆ ಬಾ. ಉದ್ದನೆಯದು ಎಂದರೆ ನಿಲ್ಲು. ಎಡಕ್ಕೆ ಒಂದು ಬಗೆ, ಬಲಕ್ಕೆ ಒಂದು ಬಗೆ, ಹುಷಾರು ನಾಯಿ ಮಲಗಿದೆ ಎಂಬುದಕ್ಕೆ ಇನ್ನೊಂದು ಬಗೆ. ಇದನ್ನೆಲ್ಲ ಇಬ್ಬರೂ ಕೂತು ಗೊತ್ತುಮಾಡಿಕೊಂಡದ್ದಲ್ಲ, ಕೂರುವ ಸ್ಥಿತಿಯೂ ಇರಲಿಲ್ಲ, ತಾನಾಗಿ ಕೂಡಿಬಂತು. ಅವಳು ಬಂದ ಮೇಲೆ ಒಂದು ಜಗಲಿಗೂ ತರಚು ಗಾಯವಾಗಲಿಲ್ಲ. ಅದೇ ತಪ್ಪಾಯಿತು. ಶಿಕ್ಷೆಗೆ ಹಾಕಿದವರನ್ನು ಕೆಲಸ ಚೆನ್ನಾಗಿ ಆಗುತ್ತಿದೆ ಎಂದು ಅಲ್ಲೇ ಬಿಟ್ಟರು.

ವರ್ಷಗಟ್ಟಲೆ ಹೀಗೇ ನಡೆಯಿತು. ಅವಳಿಗೆ ಒಂದೇ ಸಂಕಟ. ಬೇರೆ ಡ್ರೈವರುಗಳು ಬಸ್ಸು ಹಿಂದೆ ತೆಗೆಯುವಾಗ ಕಿಟಕಿಯಿಂದ ತಲೆ ಹಾಕಿ ಹೊರಳಿ ನೋಡುತ್ತಾರೆ. ಇವನು ನೋಡುತ್ತಿರಲಿಲ್ಲ. ಗರುಡಗಂಬದ ಹಾಗೆ ನೆಟ್ಟಗೆ ಕೂತು, ಮುಂದಿನ ಗಾಜನ್ನು ನೋಡುತ್ತಲೇ ಬಸ್ಸನ್ನು ಹಿಂದೆ ಬಿಡುತ್ತಿದ್ದ. ಮನೆಗೆ ಬಂದು ಗಂಡನ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕುತ್ತಿದ್ದಳು. "ಅಷ್ಟು ಅಹಂಕಾರ ರೀ ಅವನಿಗೆ. ತಿರುಗಿದ್ರೆ ಎಲ್ಲಿ ನನ್ನ ಮುಖ ಕಾಣುತ್ತೋ ಅಂತ, ಒಂದು ಸಲ, ಒಂದೇ ಸಲ ಹೊರಳಿ ನೋಡಿಲ್ಲ."

"ಅವತ್ತು ನಾನು ಬಾಯಿ ಮುಚ್ಕೊಂಡಿರಬೇಕಿತ್ತು," ಎನ್ನುತ್ತಿದ್ದ ಗಂಡ. ಪ್ರತಿ ಸಲವೂ ಅದೇ ಮಾತು. ಪಾಪ, ಬೇರೆ ಏನೆನ್ನುತ್ತಾನೆ?

ಹೀಗಿರಲು ಡಿಪೋಗೆ ಹೊಸ ಮ್ಯಾನೇಜರು ಬಂದರು. ಹರೆಯದವರು, ನಗುಮುಖದವರು, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವವರು. ಅಂಥವರಿಂದಲೇ ಅಪಾಯ ಹೆಚ್ಚು. ತಂಗುದಾಣ ಕೆಡವಲು ಬರೆದರು. ಮೇಲಿನಿಂದ ಒಪ್ಪಿಗೆ ಬರಲಿಲ್ಲ. ಅದರ ಬದಲು ಹೊಸ ಬಸ್ಸೇ ಬಂತು. ಹಿಂದೆ ಕ್ಯಾಮೆರಾ, ಡ್ರೈವರ ಮುಂದೆ ಪರದೆ, ಬಾಗಿಲಲ್ಲಿ ಟಿಕೆಟ್ ಕೊಡುವ ಯಂತ್ರ, ಕಂಡಕ್ಟರು ಬೇಡ. ನಾಲ್ಕು ಕಂಬ ಕೀಳುವುದಕ್ಕಿಂತ ಒಂದು ಬಸ್ಸು ಕೊಳ್ಳುವುದು ಸಂಸ್ಥೆಗೆ ಸುಲಭವಾಗಿತ್ತು. "ಇನ್ನು ಮೇಲೆ ನೀವು ಬಿಸಿಲಲ್ಲಿ ಊದೋದು ಬೇಡಮ್ಮ. ಮುಂದಿನ ವಾರದಿಂದ ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿ, ಫ್ಯಾನು ಇದೆ," ಎಂದರು ಮ್ಯಾನೇಜರು.

ಸೀಟಿಯಕ್ಕನಿಗೆ ಫ್ಯಾನಿನ ಸುಖ ಬೇಕಿರಲಿಲ್ಲ. ಆ ಬಸ್ಸು ತಪ್ಪಿತೆಂದರೆ ಅಣ್ಣನೂ ತಪ್ಪಿದ. ಮಾತಿಲ್ಲದಿದ್ದರೂ ದಿನಾ ಅವನ ಬೆನ್ನು, ಅವನ ಕೆಮ್ಮು, ಅವನ ಹಾರ್ನು ಇತ್ತು. ಇನ್ನು ಅದೂ ಇಲ್ಲ. ಅವಳಿಗೆ ಒಂದು ಮಾತು ಬೇಕಿತ್ತು, ಕೊನೆಯ ದಿನದೊಳಗೆ, ಅವನ ಬಾಯಿಂದ, ಟೀಚರ ಮೂಲಕ ಅಲ್ಲ. ಬೈಗುಳವಾದರೂ ನಡೆದೀತು.

ಕೊನೆಯ ದಿನ ಬೆಳಗಿನ ಸರದಿಯಲ್ಲಿ ಮಾತು ಬರಲಿಲ್ಲ. ಮಧ್ಯಾಹ್ನದ ಸರದಿಯಲ್ಲಿ ಓಣಿಯ ಬಾಯಿಗೆ ಬಂದಾಗ ಅವಳು ಇಳಿದಳು, ಬಸ್ಸಿನ ಹಿಂದೆ ಹೋದಳು, ಸೀಟಿಯನ್ನು ಬಾಯಿಗಿಡದೆ ಕೈಕಟ್ಟಿ ನಿಂತಳು. ಕಿಟಕಿಯಿಂದ ತಲೆ ಹಾಕಿದ ಟೀಚರಿಗೆ ಕೂಗಿ ಹೇಳಿದಳು: "ಅವರಿಗೆ ಹೇಳಿ ಟೀಚರ್, ಇವತ್ತು ಸೀಟಿ ಬೇಕು ಅಂದ್ರೆ ಬಾಯಿಬಿಟ್ಟು ಕೇಳ್ಬೇಕು!"

ಟೀಚರು ಹೇಳಿದರು. ಉತ್ತರವಾಗಿ ಒಂದು ಹಾರ್ನು ಬಂತು. ಸೀಟಿಯಕ್ಕ ಅಲುಗಲಿಲ್ಲ. ಅರ್ಧ ಬಸ್ಸು ದೊಡ್ಡ ರಸ್ತೆಯಲ್ಲೇ ಅಡ್ಡ ನಿಂತಿತ್ತು. ಆ ಕಡೆ ಲಾರಿಯವನು ಬೊಬ್ಬೆ ಹೊಡೆದ, ಈ ಕಡೆ ಸೈಕಲ್ಲಿನವರು ನಕ್ಕರು. ಬಸ್ಸಿನೊಳಗಿನ ಜನ ಎರಡು ಪಕ್ಷವಾದರು, "ಒಂದು ಮಾತಾಡಿಬಿಡಿ ಸಾರ್, ನಾಲಿಗೆ ಸವೆಯುತ್ತಾ?" ಎಂದು ಕೆಲವರು, "ನೀವೇ ಹಿಂದೆ ನೋಡ್ಕೊಂಡು ಹೋಗ್ಬಿಡಿ ಸಾರ್, ಇವಳೇನು ದೊಡ್ಡ ಇದು?" ಎಂದು ಕೆಲವರು. ಮೂಲೆಯ ಚಹಾದಂಗಡಿಯವನು ಉತ್ಸಾಹದಿಂದ ಓಡಿಬಂದು, "ಬನ್ನಿ, ಬನ್ನಿ, ನಾನಿದೀನಿ!" ಎಂದು ಕೈಬೀಸಿದ. ಬಸ್ಸು ಕದಲಲಿಲ್ಲ.

"ಬೇರೆಯವರ ಮಾತಿಗೆ ಈ ಬಸ್ಸು ಹಿಂದೆ ಹೋಗಲ್ಲ," ಎಂದು ಒಳಗಿನಿಂದ ಅಣ್ಣನ ದನಿ ಬಂತು. ಅದು ಚಹಾದಂಗಡಿಯವನಿಗೆ ಹೇಳಿದ್ದು. ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಅವನು ಎಂಜಿನ್ ನಿಲ್ಲಿಸಿ ಇಳಿದ. ಇಷ್ಟು ವರ್ಷಗಳಲ್ಲಿ ಆ ಜಾಗದಲ್ಲಿ ಅವನು ಇಳಿದದ್ದೇ ಇಲ್ಲ. ಬಸ್ಸಿನ ಪಕ್ಕದಲ್ಲೇ ನಡೆದು ಬರುವಾಗ ಲಾರಿಯವನು ಏನೋ ಹೊಲಸು ಬೈದ. ಅಣ್ಣ ಅವನತ್ತ ನೋಡಿದ. ನೋಡಿದ ರೀತಿ ಕಂಡು ಸೀಟಿಯಕ್ಕ ಕಟ್ಟಿದ್ದ ಕೈ ಬಿಟ್ಟಳು. ತಲೆ ತಿರುಗಲಿಲ್ಲ. ಭುಜ, ಎದೆ, ಸೊಂಟ, ಕಾಲು, ಎಲ್ಲ ಸೇರಿ ಇಡಿಯಾಗಿ ತಿರುಗಿದವು, ಇಬ್ಬರು ಹಿಡಿದು ಬೀರು ತಿರುಗಿಸಿದ ಹಾಗೆ. ಅದೇ ರೀತಿ ಇಡಿಯಾಗಿ ಈ ಕಡೆ ತಿರುಗಿ ಅವಳ ಮುಂದೆ ಬಂದು ನಿಂತ.

ಹಿಡಿದಿದ್ದ ಪಟ್ಟೆಲ್ಲ ಗಾಳಿಗೆ ಹೋಯಿತು. ಮೊದಲು ಬಾಯಿಬಿಟ್ಟವಳು ಅವಳೇ.

"ಅಣ್ಣ, ಕತ್ತಿಗೇನಾಗಿದೆ?"

ಅವನು ಸ್ವಲ್ಪ ಹೊತ್ತು ನೆಲ ನೋಡಲು ಪ್ರಯತ್ನಿಸಿದ. ಅದೂ ಆಗಲಿಲ್ಲ. "ತಿರುಗಲ್ಲ," ಎಂದ.

"ಯಾವಾಗಿಂದ?"

"ನೀನು ಈ ಬಸ್ಸಿಗೆ ಬರೋ ಹೊತ್ತಿಗೇ ಹಿಡ್ಕೊಂಡಿತ್ತು. ಆಮೇಲೆ ಬಿಡ್ಲೇ ಇಲ್ಲ."

"ಅಂದ್ರೆ ಇಷ್ಟು ವರ್ಷ... ಈ ಓಣಿಯಲ್ಲಿ... ಹಿಂದೆ ಏನೂ ಕಾಣ್ದೇನೇ?"

"ನಿನ್ನ ಸೀಟಿ ಕೇಳಿಸ್ತಿತ್ತಲ್ಲ."

"ನಿನ್ನ ಮನೆ ಹಾಳಾಗ! ಬಸ್ಸು ತುಂಬ ಜನ ಇಟ್ಕೊಂಡು! ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು? ನಾವು ಮಾತಾಡ್ತಿರಲಿಲ್ಲವಲ್ಲ."

ಬಸ್ಸಿನ ಹಿಂದಿನ ಕಿಟಕಿಗಳಲ್ಲಿ ಜೋತುಬಿದ್ದಿದ್ದ ಜನ ಗೊಳ್ಳೆಂದು ನಕ್ಕರು. ಸೀಟಿಯಕ್ಕನೂ ನಕ್ಕಳು. ನಗುತ್ತಲೇ ಅಳು ಬಂತು. ನಡುರಸ್ತೆಯಲ್ಲಿ, ಯೂನಿಫಾರ್ಮಿನಲ್ಲಿ, ಮೂಗು ಸೊರಗುಟ್ಟಿಸುತ್ತ ಅತ್ತಳು. ಇವನು ನನ್ನ ಮುಖ ನೋಡುವುದಿಲ್ಲ ಎಂದು ವರ್ಷಗಟ್ಟಲೆ ಹಲ್ಲು ಕಡಿದದ್ದು ನೆನಪಾಯಿತು. ಅವನು ಮುಖ ನೋಡದಿದ್ದರೂ ತನ್ನ ಪ್ರಾಣವನ್ನೂ, ಬಸ್ಸಿನವರ ಪ್ರಾಣವನ್ನೂ ದಿನಾ ಅವಳ ಉಸಿರಿನ ಮೇಲೆ ಬಿಟ್ಟಿದ್ದ. "ಹತ್ತು, ಹೋಗಿ ಕೂತ್ಕೋ," ಎಂದಳು. ಅಂದು ಅವಳು ಊದಿದ ಸೀಟಿಯಷ್ಟು ಕೆಟ್ಟ ಸೀಟಿಯನ್ನು ಆ ಓಣಿ ಹಿಂದೆಂದೂ ಕೇಳಿರಲಿಲ್ಲ. ಬಸ್ಸು ಎಲ್ಲೂ ತಾಗದೆ ಊರು ಸೇರಿತು.

ಹಿಂದಿರುಗುವಾಗ ಅಣ್ಣನ ಬಾಯಿಗೆ ಬ್ರೇಕೇ ಇರಲಿಲ್ಲ. ಕೂಡಿಟ್ಟದ್ದನ್ನೆಲ್ಲ ಒಂದೇ ಸರದಿಯಲ್ಲಿ ಸುರಿದ. ಅಪ್ಪನ ಹಳೆಯ ಕಥೆ, ಹೆಂಡತಿಯ ಮಂಡಿನೋವು, ಮಗಳ ಹಟ, ಡೀಸೆಲ್ಲಿನ ವಾಸನೆ. ನಿನ್ನ ಗಂಡ ಕೆಲಸದಲ್ಲಿ ಪರವಾಗಿಲ್ಲ, ನಾಲಿಗೆಯೊಂದು ಸರಿಯಿಲ್ಲ ಎಂಬ ಪ್ರಮಾಣಪತ್ರವನ್ನೂ ಕೊಟ್ಟ. ಮಧ್ಯಸ್ಥಿಕೆಯ ಕೆಲಸ ಕಳೆದುಕೊಂಡ ಟೀಚರು, ಊರಲ್ಲಿ ಇಳಿಯುವುದನ್ನೂ ಮರೆತು, ಕಿಟಕಿಯಾಚೆ ನೋಡುತ್ತ ಕೂತಿದ್ದರು. ಡಿಪೋ ಹತ್ತಿರವಾದಾಗ ಅವನು ದನಿ ತಗ್ಗಿಸಿದ.

"ಡಿಪೋದಲ್ಲಿ ಯಾರಿಗೂ ಹೇಳ್ಬೇಡ ಕಣೇ. ಹೇಳಿದ್ರೆ ಸೀಟಿಂದ ಇಳಿಸ್ತಾರೆ. ಸ್ಟೇರಿಂಗ್ ಬಿಟ್ಟು ನನಗೆ ಬೇರೇನು ಬರುತ್ತೆ? ಹೊಸ ಬಸ್ಸಲ್ಲಿ ಹೇಗೂ ಕ್ಯಾಮೆರಾ ಇದೆ. ಕತ್ತಿನ ಗೊಡವೆಯೇ ಇಲ್ಲ."

ಅವಳು ಹೂಂ ಎಂದಳು. ಹೂಂ ಎಂದಾಗ ನಿಜವಾಗಿಯೂ ಹೂಂ ಎಂಬುದೇ ಮನಸ್ಸಿನಲ್ಲಿತ್ತು. ಆದರೆ ಮನೆಗೆ ನಡೆಯುತ್ತ ಒಂದೊಂದೇ ಹೊಳೆಯಿತು. ಕ್ಯಾಮೆರಾ ಇರುವುದು ಹಿಂದೆ. ಕೂಡುರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ನೋಡುವುದು ಯಾರು? ಇಷ್ಟು ದಿನ ಬಾಗಿಲಲ್ಲಿ ನಿಂತು ಎರಡು ಕಡೆ ನೋಡಿ ರೈಟ್ ಎನ್ನುತ್ತಿದ್ದವಳು ತಾನು. ರೈಟ್ ಎನ್ನುವ ತನಕ ಅವನು ಅಲುಗುತ್ತಿರಲಿಲ್ಲ. ಅದನ್ನೂ ಅವಳು ಮೊಂಡುತನ ಎಂದೇ ತಿಳಿದಿದ್ದಳು. ಹೊಸ ಬಸ್ಸಿನ ಬಾಗಿಲಲ್ಲಿ ಇರುವುದು ಯಂತ್ರ. ಅದು ರೈಟ್ ಎನ್ನುವುದಿಲ್ಲ.

ಗಂಡನಿಗೆ ಹೇಳಿದಳು. ಅವನು, "ಹೇಳಿದ್ರೆ ಮತ್ತೆ ಮಾತು ಬಿಡ್ತಾನೆ," ಎಂದ.

"ಗೊತ್ತು."

"ಈ ಸಲ ನನ್ನ ಮೇಲಲ್ಲ, ನಿನ್ನ ಮೇಲೇ ಸಿಟ್ಟು."

"ಅದೂ ಗೊತ್ತು ರೀ. ಮಾತಾಡೋ ಅಣ್ಣ ಒಂದು ದಿನ ಲಾರಿ ಕೆಳಗೆ ಹೋಗೋದಕ್ಕಿಂತ, ಮಾತಾಡದ ಅಣ್ಣ ಕಣ್ಣೆದುರಿಗಿರಲಿ."

ಬೆಳಗ್ಗೆ ಎದ್ದು ಮ್ಯಾನೇಜರ ಮುಂದೆ ನಿಂತು ಹೇಳಿಬಿಟ್ಟಳು. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡಳು, ಎರಡೆರಡು ಸಲ. ಅಣ್ಣನನ್ನು ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಎಡಕ್ಕೆ ನೋಡಿ ಎಂದರು, ಅವನು ಇಡಿಯಾಗಿ ತಿರುಗಿದ. ಅಲ್ಲಿಗೆ ಮುಗಿಯಿತು. ಯಾರು ಹೇಳಿದರೆಂದು ಅವನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಹೊಸ ಬಸ್ಸನ್ನು ಬೇರೆಯವನಿಗೆ ಕೊಟ್ಟರು. ಓಣಿಯ ಧೂಳಿಗೆ ಕ್ಯಾಮೆರಾ ಆಗಾಗ ಕಣ್ಣು ಮುಚ್ಚುವುದರಿಂದ ಚಹಾದಂಗಡಿಯವನು ಈಗ ಕೈಬೀಸುತ್ತಾನೆ; ಎರಡು ಜಗಲಿ ಹೋಗಿವೆ.

ಅಣ್ಣನನ್ನು ಏನು ಮಾಡುವುದು ಎಂದು ಯೋಚಿಸಿದ ಮ್ಯಾನೇಜರಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. "ಅಣ್ಣ ತಂಗಿ ಒಟ್ಟಿಗೇ ಇರಿ," ಎಂದು ಮುಖವರಳಿಸಿ, ಇಬ್ಬರಿಗೂ ಬಸ್ ನಿಲ್ದಾಣದ ಅದೇ ವಿಚಾರಣೆ ಕಿಟಕಿಯಲ್ಲಿ ಪಕ್ಕಪಕ್ಕದ ಕುರ್ಚಿ ಹಾಕಿಸಿದರು.

ಅವನು ಬಂದು ಕೂತ. ಕತ್ತು ತಿರುಗದಿರುವುದು ಈಗ ಅವನಿಗೆ ಬಹಳ ಅನುಕೂಲವಾಯಿತು. ಯಾರು ಏನು ಕೇಳಿದರೂ ಮುಂದಿನ ಗಾಜನ್ನೇ ನೋಡುತ್ತ ಉತ್ತರ ಕೊಡುತ್ತಿದ್ದ. ತಂಗಿ ಚಹಾ ತಂದಿಟ್ಟರೆ ಆರಿ ತಣ್ಣಗಾಗಲು ಬಿಡುತ್ತಿದ್ದ. ಅವಳಿಗೆ ದುಃಖವಾಗುತ್ತಿತ್ತು. ದಿನಾ ಆಗುತ್ತಿತ್ತು. ಆದರೂ ಸಂಜೆ ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುವುದನ್ನು ಕಿಟಕಿಯಿಂದ ನೋಡಿಯೇ ಅವಳು ಎದ್ದು ಹೊರಡುತ್ತಿದ್ದಳು.

ಒಂದು ಮಧ್ಯಾಹ್ನ ಗಂಟುಮೂಟೆ ಹೊತ್ತ ಒಬ್ಬ ಮನುಷ್ಯ ಅವನ ಮುಂದೆ ಬಂದು, ಮಗಳ ಊರಿಗೆ ಹೋಗಲು ಎಲ್ಲೆಲ್ಲಿ ಬಸ್ಸು ಬದಲಿಸಬೇಕು ಎಂದು ಕೇಳಿದ. ಉತ್ತರದ ತುದಿಯ ಯಾವುದೋ ಸಣ್ಣ ಊರು. ಅಣ್ಣನಿಗೆ ಗೊತ್ತಿರಲಿಲ್ಲ. ಅವನು ಒಂದು ಗಳಿಗೆ ಗಾಜನ್ನು ನೋಡಿದ.

"ಪಕ್ಕದಲ್ಲಿ ಕೇಳಿ," ಎಂದ. "ನನ್ನ ತಂಗಿ. ಅವಳಿಗೆ ಎಲ್ಲಾ ಗೊತ್ತು."

ಆ ಮನುಷ್ಯ ಇತ್ತ ಸರಿದು ಮತ್ತೆ ಕೇಳಿದ. ಸೀಟಿಯಕ್ಕ ಅಣ್ಣನನ್ನೇ ನೋಡುತ್ತ, ಕೈಯೆತ್ತಿ ಅತ್ತ ನಿಂತಿದ್ದ ಯಾವುದೋ ಬಸ್ಸೊಂದನ್ನು ತೋರಿಸಿದಳು. ಆ ಮನುಷ್ಯ ನಿಮಗೆ ಪುಣ್ಯ ಬರಲಿ ಎಂದು ಹೇಳಿ, ಗಂಟು ಹೊತ್ತುಕೊಂಡು ಓಡಿ, ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತಿ ಕೂತ.